‘ಕುಲಕಸುಬು ಕಳ್ಳತನ’ ಅನ್ನುವ ಸಾಲಿಗೆ ಆಧಾರ ಯಾವುದು?

ಹುಬ್ಬಳ್ಳಿ ಹೈಸ್ಕೂಲ್ ಗೆಳೆಯರ ಗುಂಪು

ಮಂಜು: ಆನ್‌ಲೈನ್ ವಿಶ್ವಕೋಶದ ‘ಅಪರಾಧಿ ಬುಡಕಟ್ಟುಗಳು’ ಲೇಖನದ ಲಿಂಕ್ ಹಾಕಿದ್ದೇನೆ. ಬ್ರಿಟಿಷರು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿದ ಸಮುದಾಯಗಳ ಬಗ್ಗೆ ಅದು. ಎರಡನೇ ಸಾಲು ಓದಿ: ‘ಇವರ ಕುಲಕಸುಬು ಕಳ್ಳತನ.’ ಆಧಾರ ಏನೂ ಕೊಟ್ಟಿಲ್ಲ. ಯಾರಾದರೂ ಸರಿ ಮಾಡೋಣ ಅಲ್ವಾ?

ಶಿವಾನಂದ: ಆಧಾರ ಹುಡುಕೋದು ಕಷ್ಟವೇ? ಮದ್ರಾಸ್ ಮ್ಯೂಸಿಯಂನ ಬ್ರಿಟಿಷ್ ಅಧಿಕಾರಿ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಏಳು ಸಂಪುಟ ಬರೆದಿದ್ದಾನೆ. ಅದನ್ನು ಅಡಿಟಿಪ್ಪಣಿಗೆ ಹಾಕು, ಮುಗೀತು.

ಸವಿತಾ: ಮುಗಿಯೋದಿಲ್ಲ ಶಿವು. ಥರ್ಸ್ಟನ್ ಈ ಸಮುದಾಯಗಳ ಬಗ್ಗೆ ಬರೆಯುವಾಗ ಪೊಲೀಸರ ಬರಹಗಳನ್ನೇ ಉದ್ದಕ್ಕೂ ಎತ್ತಿಕೊಳ್ಳುತ್ತಾನೆ. ಮದ್ರಾಸಿನ ಪೊಲೀಸ್ ಅಧಿಕಾರಿ ಮುಲ್ಲಾಲಿ 1892ರಲ್ಲಿ ಬರೆದ ಪುಸ್ತಕವೂ ಅದರಲ್ಲಿ ಸೇರಿದೆ. ಹಿಡಿದವನ ಮಾತನ್ನೇ ತೀರ್ಪು ಅಂತ ಬರೆಯೋದಾ?

ಶಿವಾನಂದ: ಹಾಗಂತ ಹಳೆಯ ದಾಖಲೆ ಎಲ್ಲ ಸುಳ್ಳಾ? ಕೆಲವರಾದರೂ ಕದ್ದಿರಬೇಕಲ್ಲ.

ಸವಿತಾ: ಕೆಲವರು ಕದ್ದರೆ ಅವರ ಮೇಲೆ ಕೇಸ್ ಹಾಕಲಿ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿದ್ದು ಅದಲ್ಲ. ಅದು ಇಡೀ ಸಮುದಾಯವನ್ನೇ ಪಟ್ಟಿಗೆ ಸೇರಿಸಿತು. ಮೊದಲು ಉತ್ತರ ಭಾರತದಲ್ಲಿತ್ತು, 1911ರ ಕಾಯ್ದೆಯಿಂದ ಮದ್ರಾಸಿಗೂ ಬಂತು. ಬೆರಳಚ್ಚು ಕೊಡಬೇಕು, ಹಾಜರಿ ಹಾಕಬೇಕು, ಊರು ಬಿಡಲು ಪಾಸ್ ಬೇಕು.

ಇನ್ನು ಆ ಪಟ್ಟಿಗೆ ಸೇರಿದ ಕೊರಚರ (ಕೊರವರು ಅಂತಲೂ ಅನ್ನುತ್ತಾರೆ) ಕಸುಬು ಏನಿತ್ತು ಗೊತ್ತಾ? ಎತ್ತು, ಕತ್ತೆಗಳ ಮೇಲೆ ಕರಾವಳಿಯಿಂದ ಉಪ್ಪು ತಂದು ಒಳನಾಡಿನಲ್ಲಿ ಮಾರೋದು. ಸರ್ಕಾರ ಉಪ್ಪಿನ ಮೇಲೆ ಹಿಡಿತ ಬಿಗಿ ಮಾಡಿತು. ರೈಲು ಬಂತು. 1876–78ರ ಬರದಲ್ಲಿ ದನಕರು ಸತ್ತವು. ವ್ಯಾಪಾರ ಹೋಯಿತು, ತಿರುಗಾಟ ಉಳಿಯಿತು. ಆಮೇಲೆ ಆ ತಿರುಗಾಟವನ್ನೇ ಅಪರಾಧ ಅಂದರು. ಮೀನಾ ರಾಧಾಕೃಷ್ಣ ಕೊರವರ ಬಗ್ಗೆ 2001ರಲ್ಲಿ ಬರೆದ ಪುಸ್ತಕದಲ್ಲಿ ಇದೆಲ್ಲ ಇದೆ. ಆಧಾರ ಅಂದರೆ ಇದನ್ನು ಹಾಕಿ.

ಗಿರಿಜಾ: ಸುಮ್ನೆ ಆ ಲೇಖನವನ್ನೇ ತೆಗೆಸಿಬಿಡಿ. ಶಾಲೆ ಮಕ್ಕಳು ಓದುತ್ತಾರೆ. ಆ ಹೆಸರು ಕಣ್ಣಿಗೆ ಬೀಳೋದೇ ಬೇಡ.

ರೇಣುಕಾ: ಬೇಡ ಗಿರಿಜಾ. ನಮ್ಮಜ್ಜಿ ಹುಟ್ಟಿದ್ದು ಸೆಟ್ಲ್‌ಮೆಂಟ್ ಒಳಗೆ, ಅಂದರೆ ಪಟ್ಟಿಯಲ್ಲಿದ್ದವರನ್ನು ಸರ್ಕಾರ ಕಾವಲಿನಲ್ಲಿ ಇಟ್ಟಿದ್ದ ವಸತಿಯಲ್ಲಿ. ಗಿರಣಿಗೆ ಕೂಲಿಗೆ ಹೋಗೋದಕ್ಕೂ ಅಪ್ಪಣೆ ಬೇಕಿತ್ತು ಅನ್ನುತ್ತಿದ್ದಳು. ಲೇಖನ ತೆಗೆದರೆ ನಮಗೆ ಮಾಡಿದ್ದೂ ಅಳಿದುಹೋಗುತ್ತದೆ. ಬರೆಯಿರಿ, ಸರಿಯಾಗಿ ಬರೆಯಿರಿ.

ಮಂಜು: ಅಜ್ಜಿ ಹೇಳಿದ್ದನ್ನೂ ಸೇರಿಸಲಾ ರೇಣುಕಾ?

ಶಿವಾನಂದ: ಆಗೋದಿಲ್ಲ. ಅಲ್ಲಿ ಅಚ್ಚಾದ ಆಧಾರ ಕೇಳುತ್ತಾರೆ.

ರೇಣುಕಾ: ಪೊಲೀಸ್ ಬರೆದದ್ದು ಅಚ್ಚಾಯಿತು, ಅಜ್ಜಿ ಹೇಳಿದ್ದು ಆಗಲಿಲ್ಲ. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ಸವಿತಾ: ನನಗೂ ಇಲ್ಲ. ಆದರೆ ಆ ನಿಯಮದ ಒಳಗೇ ಮಾಡಬಹುದಾದದ್ದು ಬೇಕಾದಷ್ಟಿದೆ. ಕಾಯ್ದೆಯ ಪಠ್ಯ ಇದೆ. ಅದನ್ನು ಪರಿಶೀಲಿಸಿದ ಅಯ್ಯಂಗಾರ್ ಸಮಿತಿಯ ವರದಿ ಇದೆ. ಇಂಥ ಸಮುದಾಯಗಳ ಮತ್ತು ಅಲೆಮಾರಿಗಳ ಸ್ಥಿತಿಗತಿ ನೋಡಿದ ರೇಣಕೆ ಆಯೋಗದ 2008ರ ವರದಿ ಇದೆ. ಥರ್ಸ್ಟನ್‌ನ ಮಾತು ಇರಲಿ, ಆದರೆ ‘ಥರ್ಸ್ಟನ್ ಹೀಗೆ ಬರೆದ’ ಅಂತ ಇರಲಿ. ಲೇಖನವೇ ಆ ಮಾತು ಆಡೋದು ಬೇಡ. ರೇಣುಕಾ, ಅಜ್ಜಿಯ ಮಾತನ್ನು ನೀನೇ ಬರೆದು ಯಾವುದಾದರೂ ಪತ್ರಿಕೆಗೆ ಕಳಿಸು. ನಾನು ಟೈಪ್ ಮಾಡಿಕೊಡುತ್ತೇನೆ.

ಶಿವಾನಂದ: ಥರ್ಸ್ಟನ್ ಹೆಸರಿನ ಜೊತೆ ಇರಲಿ ಅನ್ನೋದಕ್ಕೆ ನನ್ನ ತಕರಾರಿಲ್ಲ. ಕಾಯ್ದೆ 1952ರ ಆಗಸ್ಟ್ 31ಕ್ಕೆ ರದ್ದಾಯಿತು ಅಂತ ಬರೆದು ಮುಗಿಸಿ.

ರೇಣುಕಾ: ಅಲ್ಲಿಗೆ ಮುಗಿಸೋದು ಬೇಡ! ಆಮೇಲೂ ರೂಢಿಗತ ಅಪರಾಧಿಗಳ ಕಾಯ್ದೆ ಹೆಸರಲ್ಲಿ ಅದೇ ಕಣ್ಣು ನಮ್ಮವರ ಮೇಲೆ ಇತ್ತು. ಜೈಲಿನ ಕೈಪಿಡಿಗಳಲ್ಲೂ ಈ ಸಮುದಾಯಗಳ ಮೇಲಿನ ಭೇದಭಾವ ಇತ್ತು. ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನಕ್ಕೆ ವಿರುದ್ಧ ಅಂದದ್ದು 2024ರ ಅಕ್ಟೋಬರ್‌ನಲ್ಲಿ. ಮೊನ್ನೆ ಮೊನ್ನೆ!

ಮಂಜು: ಸರಿ, ಎರಡನೇ ಸಾಲು ಈಗಲೇ ಬದಲಿಸುತ್ತಿದ್ದೇನೆ. ಉಪ್ಪಿನ ಭಾಗ ಸವಿತಾ ಕಳಿಸಲಿ, 1952ರ ನಂತರದ್ದು ರೇಣುಕಾ. ಶಿವು, ಥರ್ಸ್ಟನ್‌ನ ಪುಟಸಂಖ್ಯೆ ನೀನೇ ಕೊಡು.