ಅಪ್‌ಡೇಟ್: ಕೊನೆಗೂ ಸಿಂಗಲ್ ಮಾಸ್ ಫ್ಲೈವೀಲೇ ಹಾಕಿಸಿದೆ

ರೀಮ್ಯಾಪ್ ಮಾಡಿಸಿದ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಶಕ್ತಿ ಹೆಚ್ಚಿಸಿದ) ನನ್ನ ಟರ್ಬೋ ಡೀಸೆಲ್ ಕಾರಿಗೆ ಸಿಂಗಲ್ ಮಾಸ್ ಫ್ಲೈವೀಲ್ ಹಾಕಿಸಲಾ, ಡ್ಯುಯಲ್ ಮಾಸನ್ನೇ ಉಳಿಸಿಕೊಳ್ಳಲಾ ಅಂತ ಕೇಳಿದ್ದೆ. (ಫ್ಲೈವೀಲ್ ಅಂದರೆ ಎಂಜಿನ್ ಮತ್ತು ಕ್ಲಚ್ ನಡುವಿನ ಭಾರದ ಚಕ್ರ. ಸಿಂಗಲ್ ಮಾಸ್ ಒಂದೇ ಗಟ್ಟಿ ತುಂಡು; ಡ್ಯುಯಲ್ ಮಾಸ್‌ನಲ್ಲಿ ಎರಡು ಭಾಗ, ನಡುವೆ ಎಂಜಿನ್ನಿನ ನಡುಕ ಹೀರುವ ಸ್ಪ್ರಿಂಗ್‌ಗಳು.) ಮೊದಲು ಹಳೇದನ್ನು ಬಿಚ್ಚಿ ನೋಡಿ ಅಂದವರಿಗೆ ಥ್ಯಾಂಕ್ಸ್.

ಗೇರ್‌ಬಾಕ್ಸ್ ಇಳಿಸಿದಾಗಲೇ ಕಥೆ ಗೊತ್ತಾಯಿತು. ಫ್ಲೈವೀಲ್‌ನ ಎರಡು ಭಾಗಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿದರೆ, ಸ್ಪ್ರಿಂಗ್ ಹಿಡಿಯುವ ಮೊದಲೇ ಲೊಡಲೊಡ ಆಡುತ್ತಿತ್ತು. ಅಂಚಿನಲ್ಲಿ ಗ್ರೀಸ್ ಒಸರಿ ಕಪ್ಪಗೆ ಮೆತ್ತಿಕೊಂಡಿತ್ತು. ತಪ್ಪು ನನ್ನದೇ. ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ಜಾಸ್ತಿ ಮಾಡಿಸಿ, ಮೇಲಿನ ಗೇರಿನಲ್ಲಿ 1,300 ಆರ್‌ಪಿಎಂನಿಂದಲೇ ಆಕ್ಸಿಲರೇಟರ್ ಪೂರ್ತಿ ಒತ್ತುತ್ತಿದ್ದೆ. ಒಳಗಿನ ಸ್ಪ್ರಿಂಗ್‌ಗಳು ಪಾಪ ಎಷ್ಟು ಅಂತ ತಡೆದಾವು!

ಹೊಸ ಫ್ಲೈವೀಲ್ ಜೊತೆಗೆ ನಡುವೆ ಸ್ಪ್ರಿಂಗ್ ಇರುವ ಕ್ಲಚ್ ಪ್ಲೇಟ್, ಹೊಸ ಬೋಲ್ಟ್‌ಗಳು, ರಿಲೀಸ್ ಬೇರಿಂಗ್ ಎಲ್ಲ ಹಾಕಿಸಿದೆ. ಕ್ಲಚ್ ಈಗ ಜಾರುವುದಿಲ್ಲ. ಆದರೆ ನ್ಯೂಟ್ರಲ್‌ನಲ್ಲಿ ನಿಂತಾಗ ಡಬ್ಬಿಯೊಳಗೆ ಕಲ್ಲು ಹಾಕಿ ಅಲ್ಲಾಡಿಸಿದಂತೆ ಗೇರ್‌ಬಾಕ್ಸಿನಿಂದ ಸದ್ದು. ಕ್ಲಚ್ ಒತ್ತಿದರೆ ಗಪ್‌ಚುಪ್. "ಕಾರು ಕೆಟ್ಟಿದೆಯಾ?" ಅಂತ ನನ್ನ ಹೆಂಡತಿ ಆಗಲೇ ಎರಡು ಸಲ ಕೇಳಿದ್ದಾಳೆ. 1,500ಕ್ಕಿಂತ ಕೆಳಗೆ ಎಳೆದರೆ ನಡುಕ ಸೀಟಿನವರೆಗೂ ಬರುತ್ತದೆ, ಹಾಗಾಗಿ ಒಂದು ಗೇರ್ ಇಳಿಸಿಯೇ ಓಡಿಸುತ್ತೇನೆ.

ನನಗೆ ಈ ಸದ್ದು ಓಕೆ. ದಿನಾ ಟ್ರಾಫಿಕ್‌ನಲ್ಲಿ ಓಡಿಸುವ ಕಾರಾಗಿದ್ದರೆ ಮಾತ್ರ ಸುಮ್ನೆ ಡ್ಯುಯಲ್ ಮಾಸೇ ಹಾಕಿಸುತ್ತಿದ್ದೆ.