ಫ್ರೆಂಚಿನ ಪಾಸೆ ಸ್ಯಾಂಪ್ಲ್: ನೀವೆಲ್ಲ ಹೇಗೆ ಕಲಿತಿರಿ?

ಪ್ರಶ್ನೆ, ಬೆಂಗಳೂರಿನಿಂದ

ಫ್ರೆಂಚ್ ಬಿ1, ಅಂದರೆ ಮಧ್ಯಮ ಹಂತ, ಮುಗಿಸಿದ್ದೀನಿ. ಮಾತು ಪರವಾಗಿಲ್ಲ, ಪತ್ರ ಬರೀತೀನಿ. ಆ ಧೈರ್ಯದಲ್ಲಿ ಒಂದು ಕಾದಂಬರಿ ಕೈಗೆತ್ತಿಕೊಂಡರೆ ಮೊದಲ ಪುಟದಲ್ಲೇ ಮುಗ್ಗರಿಸಿದೆ. ‘ರೆಪೋಂದ್ರ್’ ಅಂದರೆ ಉತ್ತರ ಕೊಡುವುದು, ಗೊತ್ತು. ಈ ‘ರೆಪೋಂದಿರ್’ ಎಲ್ಲಿಂದ ಬಂತು? ಕ್ಲಾಸಲ್ಲಿ ಕೇಳಿದಾಗ “ಅದು ಪಾಸೆ ಸ್ಯಾಂಪ್ಲ್, ಬರೀ ಪುಸ್ತಕದ ಭೂತಕಾಲ, ಆಮೇಲೆ ನೋಡೋಣ” ಅಂದಿದ್ದರು. ಆ ಆಮೇಲೆ ಬರಲೇ ಇಲ್ಲ. ಎಡವಟ್ಟು ಕ್ರಿಯಾಪದಗಳು ಹಾಗಿರಲಿ, ನಿಯಮದಂತೆ ನಡೆಯುವ ಪದಗಳನ್ನಾದರೂ ಹೇಗೆ ಕಲಿಯೋದು? ಆರೂ ರೂಪ ಬಾಯಿಪಾಠ ಮಾಡಲೇಬೇಕಾ? ಮಾಡಿದವರು ದಯವಿಟ್ಟು ಹೇಳಿ.

ಧಾರವಾಡದಿಂದ

ನೋಡ್ರಿ, ನಾನೂ ಮೊದಲ ಆರೂ ರೂಪ ದೊಡ್ಡ ಹಾಳ್ಯಾಗ ಬರದು ಗ್ವಾಡಿಗೆ ಹಚ್ಚಿದ್ದೆ. ಮೂರು ತಿಂಗಳು ಅದು ಗ್ವಾಡಿ ಮ್ಯಾಲೇ ಇತ್ತು, ತಲ್ಯಾಗ ಇಳೀಲಿಲ್ಲ. ಟೇಬಲ್ ಬಾಯಿಪಾಠ ಮಾಡೂದಕ್ಕ ಹೋಗಬ್ಯಾಡ್ರಿ.

ಮೈಸೂರಿನಿಂದ

ನಾನು ಕಲಿತ ದಾರಿ ಸ್ವಲ್ಪ ವಿಚಿತ್ರ, ಆದರೆ ಕನ್ನಡದವರಿಗೆ ಹೇಳಿ ಮಾಡಿಸಿದ್ದು. ಫ್ರೆಂಚ್ ಪಟ್ಟಿ ‘ನಾನು’ವಿನಿಂದ ಶುರುವಾಗುತ್ತೆ. ನಮ್ಮ ವ್ಯಾಕರಣದಲ್ಲಿ ಹಾಗಲ್ಲ. ಅವನು, ಅವಳು, ಅವರು ಪ್ರಥಮ ಪುರುಷ. ನೀನು, ನೀವು ಮಧ್ಯಮ. ನಾನು, ನಾವು ಉತ್ತಮ. ಶಾಲೆಯಲ್ಲಿ ಮೇಷ್ಟ್ರು ಕಲಿಸಿದ ಆ ಕ್ರಮದಲ್ಲೇ ಪಾಸೆ ಸ್ಯಾಂಪ್ಲ್ ಕಲಿಯಿರಿ. ಕಾದಂಬರಿಯಲ್ಲಿ ನಿಮಗೆ ಎದುರಾಗೋದು ಹೆಚ್ಚಾಗಿ ಪ್ರಥಮ ಪುರುಷವೇ: ಅವನು ಬಾಗಿಲು ತಟ್ಟಿದನು, ಅವರು ಉತ್ತರಿಸಿದರು. ‘ನೀವು ಉತ್ತರಿಸಿದಿರಿ’ ಅಂತ ಕಥೆಗಾರ ಯಾರಿಗೆ ಹೇಳ್ತಾನೆ?

ಹೀಗೆ ನೋಡಿದರೆ ಮೊದಲು ಬೇಕಾಗೋದು ನಾಲ್ಕೇ ಬಾಲಂಗೋಚಿ. ಮೂಲರೂಪ ಇ-ಆರ್ ಅಕ್ಷರಗಳಲ್ಲಿ ಮುಗಿಯುವ ಪದಕ್ಕೆ ಏಕವಚನದಲ್ಲಿ ‘ಆ’, ಬಹುವಚನದಲ್ಲಿ ‘ಎರ್’. ಮಾತಾಡಿದನು ಪಾರ್ಲಾ, ಮಾತಾಡಿದರು ಪಾರ್ಲೆರ್. ಐ-ಆರ್ ಮತ್ತು ಆರ್-ಇ ಗುಂಪು ಎರಡಕ್ಕೂ ಒಂದೇ ಸೆಟ್, ‘ಇ’ ಮತ್ತು ‘ಇರ್’. ಮುಗಿಸಿದನು ಫಿನಿ, ಮುಗಿಸಿದರು ಫಿನಿರ್. ಮಾರಿದನು ವಾಂದಿ, ಮಾರಿದರು ವಾಂದಿರ್. ನಿಮ್ಮ ರೆಪೋಂದಿರ್ ಇಲ್ಲಿಯದು, ‘ಉತ್ತರಿಸಿದರು’. ಬರೆಯುವಾಗ ಈ ‘ಎರ್’, ‘ಇರ್’ಗಳ ಕೊನೆಗೆ ಇ-ಎನ್-ಟಿ ಇರುತ್ತೆ, ಉಚ್ಚಾರಕ್ಕಿಲ್ಲ.

ಇವು ಕೈಗೆ ಹತ್ತಿದ ಮೇಲೆ ಉಳಿದದ್ದಕ್ಕೆ ಕಿವಿ ಸಾಕು. ‘ನಾವು’ ಅಂದರೆ ಕೊನೆಗೆ ಮ್, ‘ನೀವು’ ಅಂದರೆ ತ್, ‘ಅವರು’ ಅಂದರೆ ರ್. ಪಾರ್ಲಾಮ್, ಪಾರ್ಲಾತ್, ಪಾರ್ಲೆರ್. ಫಿನಿಮ್, ಫಿನಿತ್, ಫಿನಿರ್. ಎಡವಟ್ಟು ಪದಗಳೂ ಈ ಮ್-ತ್-ರ್ ಬಿಡಲ್ಲ, ಹಾಗಾಗಿ ಇದು ಮುಂದೆಯೂ ಕೈ ಹಿಡಿಯುತ್ತೆ. ಬರೆಯುವವರು ‘ನಾವು’, ‘ನೀವು’ ರೂಪಗಳ ಸ್ವರದ ಮೇಲೆ ಪುಟ್ಟ ಟೊಪ್ಪಿ ಹಾಕೋದು ಮರೀಬಾರದು.

ಅಂದ ಹಾಗೆ ಫ್ರೆಂಚ್ ಸರ್ಕಾರವೇ 2016ರಲ್ಲಿ ಜಾರಿಗೆ ತಂದ ಪ್ರಾಥಮಿಕ ಪಠ್ಯಕ್ರಮದಲ್ಲಿ ಈ ಕಾಲದ ಅವನು-ಅವರು ರೂಪಗಳನ್ನಷ್ಟೇ ಕೇಳಿತ್ತು. ಅದಕ್ಕೆ ಅಲ್ಲಿ ದೊಡ್ಡ ಗಲಾಟೆಯೇ ಆಯಿತು. ಭಾಷೆ ಹಾಳಾಯಿತು ಅಂತ ಒಂದು ಗುಂಪು, ಮಕ್ಕಳಿಗೆ ಇಷ್ಟು ಸಾಕು ಅಂತ ಇನ್ನೊಂದು. ನಾನು ಎರಡನೆಯ ಗುಂಪು.

ಲಿಯಾನ್‌ನಿಂದ

ಮೇಲಿನ ಅಕ್ಕ ಹೇಳಿದ್ದು ಸರಿ. ಒಂದು ಎಚ್ಚರಿಕೆ ಮಾತ್ರ: ಕಲಿತ ಹುರುಪಲ್ಲಿ ಮಾತಲ್ಲಿ ಬಳಸೋಕೆ ಹೋಗಬೇಡಿ. ಇಲ್ಲಿಗೆ ಬಂದ ಹೊಸದರಲ್ಲಿ ಆಫೀಸಿನವರ ಜೊತೆ ಕೂತಾಗ “ನಿನ್ನೆ ಮನೇಲಿ ಊಟ ಮಾಡಿದೆವು” ಅನ್ನೋಕೆ ‘ನೂ ಮಾಂಜಾಮ್’ ಅಂದುಬಿಟ್ಟೆ. ಒಂದು ಕ್ಷಣ ಎಲ್ಲರೂ ಸುಮ್ಮನಾದರು, ಆಮೇಲೆ ನಗು. ಗಾಂಧಿ ಬಜಾರಿನ ದರ್ಶಿನಿಯಲ್ಲಿ ನಿಂತು “ಮಸಾಲೆ ದೋಸೆಯಂ ಭುಂಜಿಸಿದೆವು” ಅಂದರೆ ಹೇಗಿರುತ್ತೋ ಹಾಗೆ. ಮಾತಿಗೆ ಪಾಸೆ ಕಾಂಪೋಸೆನೇ, ಅಂದರೆ ದಿನಬಳಕೆಯ ಭೂತಕಾಲ. ನಾನು ಬಿ2 ಪರೀಕ್ಷೆಯ ಪ್ರಬಂಧವನ್ನೂ ಅದರಲ್ಲೇ ಬರೆದು ಪಾಸಾದೆ.

ನನ್ನ ಮಗಳಿಗೆ ಮಾತ್ರ ಇದು ಕಷ್ಟವೇ ಆಗಲಿಲ್ಲ. ಮಲಗುವಾಗ ಓದಿಸಿಕೊಂಡ ಕಥೆಗಳಲ್ಲಿ ಕೇಳಿ ಕೇಳಿ ಬಂದುಬಿಟ್ಟಿತ್ತು. ನಾನು ಟೇಬಲ್ ಇಟ್ಟುಕೊಂಡು ಕಷ್ಟಪಡುವಾಗ ಅವಳು ತಿದ್ದುತ್ತಿದ್ದಳು.

ಮಂಗಳೂರಿನಿಂದ, ಟ್ಯೂಷನ್ ಹೇಳುವವಳು

ನನ್ನ ಮಕ್ಕಳು ಬೀಳುವ ಗುಂಡಿಗಳನ್ನು ಹೇಳ್ತೇನೆ.

ಮೊದಲನೆಯದು ‘ಫಿನಿ’. ಐ-ಆರ್ ಗುಂಪಿನ ಏಕವಚನದಲ್ಲಿ ವರ್ತಮಾನಕ್ಕೂ ಪಾಸೆ ಸ್ಯಾಂಪ್ಲ್‌ಗೂ ಕಾಗುಣಿತದಲ್ಲಿ ಕೂಡ ವ್ಯತ್ಯಾಸ ಇಲ್ಲ. ಮುಗಿಸುತ್ತಾನೆಯೋ ಮುಗಿಸಿದನೋ ಅಂತ ಆ ಒಂದು ಪದ ನೋಡಿ ಹೇಳಲಿಕ್ಕೆ ಆಗುವುದಿಲ್ಲ, ಅಕ್ಕಪಕ್ಕದ ಕ್ರಿಯಾಪದ ನೋಡಬೇಕು. ಬಹುವಚನದಲ್ಲಿ ಆ ತೊಂದರೆ ಇಲ್ಲ: ವರ್ತಮಾನ ಫಿನಿಸ್, ಭೂತ ಫಿನಿರ್.

ಎರಡನೆಯದು ನಿಘಂಟು. ‘ಪೆರ್ದಿ’ ಕಂಡ ಕೂಡಲೇ ಹುಡುಗರು ‘ಪೆರ್ದಿರ್’ ಎಂಬ ಮೂಲರೂಪ ಹುಡುಕುತ್ತಾರೆ, ಅಂಥ ಪದವೇ ಇಲ್ಲ. ‘ಇ’ ಎರಡು ಗುಂಪಿಗೂ ಸೇರಿದ್ದಲ್ಲವಾ, ಐ-ಆರ್ ಸಿಗದಿದ್ದರೆ ಆರ್-ಇ ನೋಡಿ: ಪೆರ್ದ್ರ್, ಕಳೆದುಕೊಳ್ಳು. ಆದರೆ ಆರ್-ಇ ಗುಂಪನ್ನು ಪೂರ್ತಿ ನಂಬಬೇಡಿ. ‘ಪ್ರಾಂದ್ರ್’ ನೋಡಲಿಕ್ಕೆ ‘ವಾಂದ್ರ್’ ತರಹವೇ ಇದ್ದರೂ ‘ತೆಗೆದುಕೊಂಡನು’ ಎನ್ನಲು ‘ಪ್ರಾಂದಿ’ ಅಲ್ಲ, ಬರೀ ‘ಪ್ರಿ’.

ಮೂರನೆಯದು ಭವಿಷ್ಯತ್ತಿನ ಜೊತೆ ಗೊಂದಲ. ಪಾರ್ಲಾ ಅಂದರೆ ಮಾತಾಡಿದನು, ಪಾರ್ಲರಾ ಅಂದರೆ ಮಾತಾಡುವನು. ಎರಡೂ ‘ಆ’ದಲ್ಲಿ ಮುಗಿಯುತ್ತವೆ. ನಡುವೆ ‘ರ’ ಇದೆಯಾ ನೋಡಿಕೊಳ್ಳಿ.

ಖುಷಿಯ ವಿಷಯವೂ ಉಂಟು. ವರ್ತಮಾನದಲ್ಲಿ ಕಾಟ ಕೊಡುವ ಎಷ್ಟೋ ಪದಗಳು ಇಲ್ಲಿ ಸಾಧು ಪ್ರಾಣಿಗಳು. ‘ಆಪ್ಲೆ’, ಅಂದರೆ ಕರೆಯುವುದು, ವರ್ತಮಾನದಲ್ಲಿ ಎಲ್ ಅಕ್ಷರ ಇಮ್ಮಡಿಯಾಗುವ ರಗಳೆ. ಇಲ್ಲಿ ಸುಮ್ಮನೆ ‘ಆಪ್ಲಾ’. ಹೋಗುವುದಕ್ಕಿರುವ ‘ಆಲೆ’ ಬೇರೆಲ್ಲ ಕಡೆ ಊರು ಸುತ್ತಿದರೂ ಇಲ್ಲಿ ‘ಆಲಾ’, ‘ಆಲೆರ್’. ತಿನ್ನುವುದಕ್ಕಿರುವ ‘ಮಾಂಜೆ’ಯಲ್ಲಿ ಮಾತ್ರ ಜಿ ಅಕ್ಷರದ ಮೆದು ಉಚ್ಚಾರ ಉಳಿಯಲಿಕ್ಕೆ ‘ಆ’ ಮುಂಚೆ ಒಂದು ಇ ಅಕ್ಷರ ಉಳಿಸಬೇಕು. ‘ಎರ್’ ಮುಂಚೆ ಬೇಡ.

ಧಾರವಾಡದಿಂದ, ಮತ್ತ

ಪಾಸೆ ಸ್ಯಾಂಪ್ಲ್ ಯಾವಾಗ, ಇನ್ನೊಂದು ಭೂತಕಾಲ ಆ್ಯಂಪಾರ್ಫೆ ಯಾವಾಗ ಅನ್ನೂದು ಯಾರೂ ಹೇಳಲಿಲ್ಲಲ್ಲ. ಕನ್ನಡದಾಗ ಯೋಚಿಸ್ರಿ, ತಾನ ತಿಳೀತದ. ‘ಓದುತ್ತಿದ್ದನು’ ಆ್ಯಂಪಾರ್ಫೆ, ‘ಓದಿದನು’ ಪಾಸೆ ಸ್ಯಾಂಪ್ಲ್. ಅಜ್ಜಿ ಕಥಿ ಹೇಳೂ ಮುಂದ “ಒಂದೂರಾಗ ಒಬ್ಬ ರಾಜ ಇದ್ದ, ದಿನಾ ಬ್ಯಾಟಿಗೆ ಹೋಗತಿದ್ದ” ಅನ್ನೂತನಕ ಆ್ಯಂಪಾರ್ಫೆ. “ಒಂದಿನ ಏನಾತು ಅಂದ್ರ” ಅಂದ ಕೂಡ್ಲೆ ಪಾಸೆ ಸ್ಯಾಂಪ್ಲ್ ಶುರು.

ಒಂದ ಕಡೆ ನಮ್ಮ ಕನ್ನಡ ಕಿವಿ ಮೋಸ ಮಾಡತದ. 14ನೆಯ ಲೂಯಿ 1643ರಿಂದ 1715ರ ತನಕ, 72 ವರ್ಷ ಆಳಿದ. ನಾವು “ಆಳುತ್ತಿದ್ದ” ಅಂತನೂ ಅಂದುಬಿಡತೀವಿ, ಅದಕ್ಕ ಆ್ಯಂಪಾರ್ಫೆ ಹಾಕಿ ಕೆಂಪು ಗೆರಿ ತಿಂದೇನಿ. ಎಷ್ಟ ಉದ್ದ ಇದ್ರೂ ಲೆಕ್ಕ ಮುಗಿದದ ಅಂದ್ರ ಅದು ‘ರೆನ್ಯಾ’, ಆಳಿದನು.

ನನಗ ಇತಿಹಾಸದ ಪುಸ್ತಕದಿಂದನ ಇದು ಬಂತು. ವಾಕ್ಯ ಸಣ್ಣವು, ವಿಷಯ ಮೊದಲ ಗೊತ್ತಿರತದ. 1803ರಾಗ ನೆಪೋಲಿಯನ್ ಲೂಯಿಸಿಯಾನಾ ಮಾರಿದ: ವಾಂದಿ. 1815ರಾಗ ವಾಟರ್ಲೂದಾಗ ಸೋತ: ಪೆರ್ದಿ. 1822ರಾಗ ಶಾಂಪೋಲಿಯೋಂ ಈಜಿಪ್ತಿನ ಚಿತ್ರಲಿಪಿ ಬಿಡಿಸಿದ: ದೆಶಿಫ್ರಾ. ಇಂಥಾ ಇಪ್ಪತ್ತು ವಾಕ್ಯ ನೀವ ಬರೀರಿ, ಗ್ವಾಡಿಗೆ ಹಚ್ಚೂದು ಬ್ಯಾಡ.

ಪುದುಚೇರಿಯಿಂದ

ಸ್ವಲ್ಪ ಅಪಸ್ವರ. ‘ನಾನು’ ರೂಪ ಕೊನೆಗಿರಲಿ ಅನ್ನೋದನ್ನ ಒಪ್ಪಲ್ಲ. ಆತ್ಮಕಥೆ ಓದೋರಿಗೆ ಪುಟಪುಟಕ್ಕೂ ಅದೇ ಬೇಕು, ಮತ್ತು ಅಪಾಯ ಇರೋದೂ ಅಲ್ಲೇ. ‘ಮಾತಾಡಿದೆ’ ಅನ್ನೋದಕ್ಕೂ ‘ಮಾತಾಡುತ್ತಿದ್ದೆ’ ಅನ್ನೋದಕ್ಕೂ ಬರಹದಲ್ಲಿ ಕೊನೆಯ ಒಂದು ಎಸ್ ಅಷ್ಟೇ ವ್ಯತ್ಯಾಸ. ಎ-ಐ ಇದ್ದರೆ ಮಾತಾಡಿದೆ, ಎ-ಐ-ಎಸ್ ಇದ್ದರೆ ಮಾತಾಡುತ್ತಿದ್ದೆ. ಎಷ್ಟೋ ಫ್ರೆಂಚರ ಬಾಯಲ್ಲಿ ಎರಡೂ ಒಂದೇ. ಬಿಸ್ಕತ್ತಿನ ಹೆಸರಿನ ಹಾಗೆ ‘ಪಾರ್ಲೆ’ ಅಂತ ಕೇಳಿಸಿದರೆ ಐದಾರು ಕಾಗುಣಿತ ಸಾಧ್ಯ, ಹಾಗಾಗಿ ಆಡಿಯೋ ಪುಸ್ತಕ ಕೇಳಿ ಇದನ್ನ ಕಲಿಯೋಕಾಗಲ್ಲ. ಕಣ್ಣಲ್ಲೇ ಓದಬೇಕು.

ಇನ್ನೊಂದು, ಎಲ್ಲರೂ ಕೊಡುವ ಸಲಹೆಯಂತೆ ಕಾಮೂನ ‘ಲೆತ್ರಾಂಜೆ’ಯಿಂದ ಶುರು ಮಾಡಿದ್ದೆ. ಸಲೀಸಾಗಿ ಓದಿಸಿಕೊಂಡಿತು, ಪಾಸೆ ಸ್ಯಾಂಪ್ಲ್ ಬಂದೇಬಿಟ್ಟಿತು ಅಂತ ಬೀಗಿದೆ. 1942ರ ಆ ಕಾದಂಬರಿಯನ್ನ ಕಾಮೂ ಬೇಕೆಂದೇ ಹೆಚ್ಚುಕಡಿಮೆ ಪೂರ್ತಿ ಪಾಸೆ ಕಾಂಪೋಸೆಯಲ್ಲಿ ಬರೆದಿದ್ದಾನೆ ಅಂತ ಆಮೇಲೆ ಗೊತ್ತಾಯಿತು! ಅಭ್ಯಾಸಕ್ಕೆ ಬೇಕಿದ್ದರೆ 1697ರ ಪೆರೋನ ಕಥೆಗಳು ಒಳ್ಳೆಯವು. ಕೆಂಪು ಟೊಪ್ಪಿಯ ಹುಡುಗಿ, ಸಿಂಡ್ರೆಲಾ, ಎಲ್ಲ ಗೊತ್ತಿರೋ ಕಥೆಗಳೇ. ಮಕ್ಕಳಿಗಾಗಿ ಸರಳ ಮಾಡಿದ ಪ್ರತಿ ತಗೊಳ್ಳಿ, ಮೂಲದ ಭಾಷೆ ಹಳೆಯದು.

ಪ್ರಶ್ನೆ ಕೇಳಿದವಳು, ಎರಡು ವಾರದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಮೈಸೂರಿನ ಮೇಡಂ ಕ್ರಮದಲ್ಲೇ ಹೋದೆ. ಪೆನ್ಸಿಲ್ ಹಿಡಿದು ಕಾದಂಬರಿಯ ಅದೇ ಮೊದಲ ಪುಟಕ್ಕೆ ವಾಪಸ್ ಬಂದು ‘ಆ’, ‘ಎರ್’, ‘ಇ’, ‘ಇರ್’ಗಳ ಕೆಳಗೆ ಗೆರೆ ಎಳೆದೆ. ಹತ್ತೊಂಬತ್ತು ಸಿಕ್ಕವು, ‘ನಾವು’ ಒಂದೇ ಒಂದು, ‘ನೀವು’ ಇಲ್ಲವೇ ಇಲ್ಲ. ಧಾರವಾಡದ ಸರ್ ಹೇಳಿದಂತೆ ಇಪ್ಪತ್ತು ವಾಕ್ಯ ಬರೆಯೋಕೆ ಹೋಗಿ ಹನ್ನೊಂದಕ್ಕೆ ನಿಂತಿದ್ದೀನಿ. ಈಗ ಒಂದು ಪುಟಕ್ಕೆ ಎರಡು ಸಲ ನಿಘಂಟು ತೆಗೀತೀನಿ, ಮೊದಲು ಹತ್ತು ಸಲ.

ಒಂದು ಮಾತ್ರ ಅರ್ಥವಾಗಲಿಲ್ಲ. ಒಂದು ಪದ ‘ಪಾರ್ಲಾ’ ಥರಾನೇ ಇದೆ, ಆದರೆ ಅವನು ರೂಪದಲ್ಲೇ ಎ ಮೇಲೆ ಟೊಪ್ಪಿ, ಕೊನೆಗೊಂದು ಟಿ. ಅಚ್ಚಿನ ತಪ್ಪಾ?

ಮಂಗಳೂರಿನಿಂದ

ತಪ್ಪಲ್ಲ ಮಾರಾಯ್ತಿ, ಅದು ಇನ್ನೂ ಹಳೆಯ ಪ್ರಾಣಿ, ಆಸೆ-ಸಂಶಯ ಹೇಳುವ ಸುಬ್ಜೋಂಕ್ತಿಫ್‌ನ ಆ್ಯಂಪಾರ್ಫೆ. ಅದರ ಹಿಂದೆ ‘ಕ’ ಅಂತ ಒಂದು ಪದ ಇರಬೇಕು, ನಮ್ಮ ‘ಎಂದು’ ತರಹದ್ದು, ನೋಡಿ. ಓದುವಾಗ ‘ಅವನು ಮಾತಾಡಲಿ ಎಂದು’ ಅಂತ ಅಂದಾಜು ಮಾಡಿ ಮುಂದೆ ಹೋಗಿ, ಪುಟ ಮಗುಚಿ.