ಮೆದುಳಿನ ತರಬೇತಿ ಸಂಶೋಧನೆಗೆ ಅಮ್ಮನನ್ನು ಸೇರಿಸುವ ಮುಂಚೆ

ಪ್ರಶ್ನೆ: ಅಮ್ಮನಿಗೆ 67. ಏಳನೇ ಕ್ಲಾಸ್ ಓದಿದ್ದಾರೆ, ಕನ್ನಡ ಮಾತ್ರ ಬರುತ್ತೆ. ಕಂಪ್ಯೂಟರ್ ಆಟದಿಂದ ಡಿಮೆನ್ಷಿಯಾ (ಮರೆವಿನ ಕಾಯಿಲೆ) ತಡೆಯಬಹುದಾ ಅಂತ ನೋಡುವ ಸಂಶೋಧನೆಗೆ ಸ್ವಯಂಸೇವಕಿಯಾಗಲು ಅವರಿಗೇ ಆಸೆ. ಏನು ಮಾಡಿಸ್ತಾರೆ? ಮನೆಯವರು ಏನು ನೋಡ್ಕೋಬೇಕು? ಬೆಂಗಳೂರಲ್ಲಿ ಎಲ್ಲಿ ವಿಚಾರಿಸೋದು?

ಉತ್ತರ 1: ಎಲ್ಲ ಆಟವೂ ಒಂದೇ ಅಲ್ಲ. ಅಮೆರಿಕದ ‘ಆ್ಯಕ್ಟಿವ್’ ಅಧ್ಯಯನದಲ್ಲಿ 65 ತುಂಬಿದ 2,802 ಜನರನ್ನು ನಾಲ್ಕು ಗುಂಪು ಮಾಡಿದ್ದರು: ನೆನಪು, ತರ್ಕ, ವೇಗ, ಮತ್ತು ತರಬೇತಿಯೇ ಇಲ್ಲದ್ದು. ಐದಾರು ವಾರದಲ್ಲಿ 60–75 ನಿಮಿಷದ 10 ತರಗತಿ. 2017ರಲ್ಲಿ ಹತ್ತು ವರ್ಷದ ಲೆಕ್ಕ ಬಂದಾಗ ವೇಗದ ಗುಂಪಿನಲ್ಲಿ ಮಾತ್ರ ಡಿಮೆನ್ಷಿಯಾ ಅಪಾಯ 29% ಕಡಿಮೆ ಕಂಡಿತು. ವೇಗದ ತರಬೇತಿ ಅಂದರೆ, ಪರದೆಯ ನಡುವೆ ಕಾರೋ ಲಾರಿಯೋ ಮಿಂಚಿ ಮಾಯವಾಗುತ್ತೆ, ಅದೇ ಕ್ಷಣ ಅಂಚಿನಲ್ಲಿ ಇನ್ನೊಂದು ಚಿತ್ರ. ಎರಡನ್ನೂ ಸರಿಯಾಗಿ ಗುರುತಿಸಿದರೆ ಮುಂದೆ ಇನ್ನೂ ಬೇಗ ಮಾಯ. ಸುಡೊಕು, ಪದಬಂಧಕ್ಕೆ ಈ ಫಲಿತಾಂಶ ಹೊಂದಲ್ಲ. ಆದರೆ ‘ಆ್ಯಕ್ಟಿವ್’ನಲ್ಲಿ ಡಿಮೆನ್ಷಿಯಾ ಗುರುತಿಸಿದ್ದು ಪರೀಕ್ಷೆಯ ಅಂಕ, ಸಂದರ್ಶನದಿಂದ, ವೈದ್ಯರ ತಪಾಸಣೆಯಿಂದಲ್ಲ. ಹೊಸ ಅಧ್ಯಯನಗಳಿಗೆ ಜನ ಬೇಕಾಗಿರೋದು ಅದಕ್ಕೇ.

ಉತ್ತರ 2: ಗುಂಪು ಹಂಚೋದು ಚೀಟಿ ಎತ್ತಿದ ಹಾಗೆ. ಸಾಧಾರಣ ಆಟದ ಗುಂಪೂ ಸಿಗಬಹುದು, ಅದಿಲ್ಲದೆ ಹೋಲಿಕೆಯೇ ಆಗಲ್ಲ ಅಂತ ಅಮ್ಮನಿಗೆ ಮೊದಲೇ ಹೇಳಿ. ಹೆಚ್ಚು ಕೆಡೋದು ಮನೆಯವರ ಪ್ರೀತಿಯಿಂದ! ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಟ್ಟರೆ ಆಟ ಅವರ ಶಕ್ತಿ ಮೀರಿ ಓಡುತ್ತೆ, ಅವರು ಸೋತು ಬಿಟ್ಟುಬಿಡ್ತಾರೆ, ದತ್ತಾಂಶವೂ ಹಾಳು. ಇಂಥದ್ದೇ ಆ್ಯಪ್‌ಗಳಲ್ಲಿ ಮುಂಚೆ ಅಭ್ಯಾಸ ಮಾಡಿಸಬೇಡಿ. ಕನ್ನಡಕದ ನಂಬರ್ ಮೊದಲು ಪರೀಕ್ಷಿಸಿ, ಇಲ್ಲದಿದ್ದರೆ ಅಳೆಯೋದು ಮೆದುಳನ್ನಲ್ಲ, ಕಣ್ಣನ್ನು. ಅಂಚಿನ ಚಿತ್ರಕ್ಕೆ ಫೋನ್ ಪರದೆ ಸಾಲದು. ಆಟ ಬಿಟ್ಟರೂ ಮುಂದಿನ ತಪಾಸಣೆಗಳಿಗೆ ಹೋಗಲಿ. ಬಿಟ್ಟವರ ಮಾಹಿತಿಯೂ ಬೇಕು.

ಉತ್ತರ 3: ಸಿಟಿಆರ್‌ಐ ಅಂದರೆ ಭಾರತದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪಟ್ಟಿ, ಅದರ ಜಾಲತಾಣದಲ್ಲಿ ಹುಡುಕಿ. ವಯಸ್ಸು, ಯಾರನ್ನು ಸೇರಿಸಲ್ಲ, ಎಥಿಕ್ಸ್ ಸಮಿತಿಯ ಒಪ್ಪಿಗೆ, ಸಂಪರ್ಕ ಎಲ್ಲ ಇರುತ್ತೆ. ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ 45 ದಾಟಿದವರ ಮೇಲೆ ಬೆಂಗಳೂರಿನಲ್ಲೂ ಕೋಲಾರದ ಶ್ರೀನಿವಾಸಪುರದಲ್ಲೂ ದೀರ್ಘ ಅಧ್ಯಯನ ನಡೆಸುತ್ತಿದೆ. ಆದರೆ ಅವು ವಯಸ್ಸಾಗುವುದನ್ನು ಗಮನಿಸುವಂಥವು, ತರಬೇತಿಯವಲ್ಲ.

ಓದಿನ ವಿಷಯ ತಪ್ಪದೆ ಕೇಳಿ. ನೆನಪು, ಯೋಚನಾಶಕ್ತಿ ಅಳೆಯುವ ಮೊಕಾ ಪರೀಕ್ಷೆಯಲ್ಲಿ 12 ವರ್ಷ ಅಥವಾ ಕಡಿಮೆ ಓದಿದವರಿಗೆ ಸೇರಿಸೋದು ಒಂದೇ ಅಂಕ. ಏಳನೇ ಕ್ಲಾಸಿನವರಿಗೆ ಅದು ಸಾಲದೆ, ಚೆನ್ನಾಗಿರುವವರೂ ಕಾಯಿಲೆಯವರ ಹಾಗೆ ಕಾಣಬಹುದು. ಕನ್ನಡದ ಆವೃತ್ತಿ, ಅದೇ ಓದಿನ ಮಟ್ಟದವರ ಅಂಕದ ಜೊತೆ ಹೋಲಿಕೆ, ಎರಡೂ ಇವೆಯೇ ಅಂತ ವಿಚಾರಿಸಿ. ಈಗಾಗಲೇ ಮರೆವು ಕಾಡ್ತಿದ್ದರೆ ಮೊದಲು ಡಾಕ್ಟರ ಹತ್ತಿರ ಬಿ12, ಥೈರಾಯ್ಡ್ ನೋಡಿಸಿ. ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಬೇಕು, ಅಮ್ಮನೇ ಓದಿ ಸಹಿ ಹಾಕಲಿ.